ಗುಂಪಾಗಿ ಬೆಟ್ಟ ಹತ್ತುವುದು ಹೇಗೆ? (ಚಾಮುಂಡಿ ಬೆಟ್ಟದ ಪಾಠ)



"ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ" ಎಂಬ ಗಾದೆ ನಮಗೆಲ್ಲ ಗೊತ್ತು. ಮೈಸೂರಿನ ಚಾಮುಂಡಿ ಬೆಟ್ಟ ನಮ್ಮ ಶಾಲೆಯ ಜಗಲಿಯಿಂದಲೇ ಕಾಣುತ್ತದೆ. ನಮ್ಮಲ್ಲಿ ಬಹಳ ಜನ ಬಸ್ಸಿನಲ್ಲಿ ಮೇಲೆ ಹೋಗಿ ಪೂಜೆ ಮಾಡಿಸಿಕೊಂಡು ಬಂದಿದ್ದೇವೆ. ಆದರೆ ಬಸ್ಸಿನಲ್ಲಿ ಹೋದರೆ ದೇವಸ್ಥಾನ ಸಿಗುತ್ತದೆ, ಬೆಟ್ಟ ಸಿಗುವುದಿಲ್ಲ. ಮುಂದಿನ ತಿಂಗಳ ಮೊದಲನೇ ಶನಿವಾರ ಏಳನೇ ತರಗತಿಯ 28 ಮಕ್ಕಳೂ ಮೆಟ್ಟಿಲಿನ ದಾರಿಯಲ್ಲಿ ನಡೆದು ಹತ್ತುವುದು ಎಂದು ತೀರ್ಮಾನವಾಗಿದೆ. ಅದಕ್ಕೆ ತಯಾರಿಯಾಗಿ ಈ ಪಾಠವನ್ನು ಬರೆದಿದ್ದೇನೆ.

ಇನ್ನೊಂದು ಕಾರಣವೂ ಇದೆ. ನಮ್ಮ ತರಗತಿಯಲ್ಲಿ ಒಬ್ಬಳಿಗೆ ಉಬ್ಬಸ ಇದೆ. ಹೋದ ವರ್ಷ ಬೇರೆ ಬೆಟ್ಟಕ್ಕೆ ಹೋದಾಗ ಅವಳು ಕೆಳಗೇ ಬಸ್ಸಿನಲ್ಲಿ ಕೂತಿದ್ದಳು. ಈ ಸಲ ಅವಳು, "ಡಾಕ್ಟ್ರು ನಿಧಾನಕ್ಕೆ ಹತ್ತಬಹುದು ಅಂದಿದಾರೆ, ನಾನೂ ಬರ್ತೀನಿ" ಅಂದಿದ್ದಾಳೆ. ಕೆಲವರು "ಅವಳಿಂದ ಎಲ್ಲರಿಗೂ ಲೇಟಾಗುತ್ತೆ" ಅಂತ ಗೊಣಗಿದರು. ನಿಜವಾಗಿ ಎಷ್ಟು ಲೇಟಾಗುತ್ತೆ? ಅದನ್ನು ಲೆಕ್ಕ ಹಾಕಿಯೇ ನೋಡೋಣ. ಮೊದಲು ಬೆಟ್ಟದ ಪರಿಚಯ.

1. ಬೆಟ್ಟದ ಪರಿಚಯ

ಚಾಮುಂಡಿ ಬೆಟ್ಟ ಮೈಸೂರು ನಗರದ ಆಗ್ನೇಯ ದಿಕ್ಕಿನಲ್ಲಿದೆ. ಸಮುದ್ರ ಮಟ್ಟದಿಂದ ಇದರ ಎತ್ತರ ಸುಮಾರು 1060 ಮೀಟರ್. ಮೈಸೂರು ನಗರವೇ ಸಮುದ್ರ ಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಹಾಗಾದರೆ ಊರಿನ ನೆಲದಿಂದ ಬೆಟ್ಟದ ಎತ್ತರ ಎಷ್ಟು? 1060ರಲ್ಲಿ 760 ಕಳೆದರೆ 300 ಮೀಟರ್. ಮೆಟ್ಟಿಲು ಶುರುವಾಗುವ ಜಾಗಕ್ಕೆ ಜನ "ಪಾದ" ಅಂತಾರೆ. ಅದು ಊರಿಗಿಂತ ಸ್ವಲ್ಪ ಮೇಲಿರುವುದರಿಂದ ನಮ್ಮ ಲೆಕ್ಕಗಳಿಗೆ 250 ಮೀಟರ್ ಎಂದು ಇಟ್ಟುಕೊಳ್ಳೋಣ.

ಮೆಟ್ಟಿಲುಗಳನ್ನು ಮಾಡಿಸಿದವರು ದೊಡ್ಡದೇವರಾಜ ಒಡೆಯರು. ಅವರು 1659ರಿಂದ 1673ರವರೆಗೆ ಆಳಿದರು. ಮೆಟ್ಟಿಲುಗಳು ಸುಮಾರು ಒಂದು ಸಾವಿರ. ಕೆಲವರು 1000 ಅಂತಾರೆ, ಕೆಲವರು 1008 ಅಂತಾರೆ. ಅಂದಿನ ಕಾಲದಲ್ಲಿ ಮೋಟಾರು ರಸ್ತೆ ಇರಲಿಲ್ಲ. ರಾಜರಾಗಲಿ ರೈತರಾಗಲಿ ದೇವಿಯ ದರ್ಶನಕ್ಕೆ ಬೆಟ್ಟ ಹತ್ತಲೇಬೇಕಿತ್ತು. ಮೇಲಿರುವ ಚಾಮುಂಡೇಶ್ವರಿ ದೇವಸ್ಥಾನದ ಏಳು ಅಂತಸ್ತಿನ ಗೋಪುರವನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 19ನೇ ಶತಮಾನದಲ್ಲಿ ಕಟ್ಟಿಸಿದರು. ಪಕ್ಕದಲ್ಲೇ ಮಹಾಬಲೇಶ್ವರನ ಗುಡಿ ಇದೆ. ಅದು ಇನ್ನೂ ಹಳೆಯದು.

ಆಷಾಢ ಶುಕ್ರವಾರಗಳಲ್ಲಿ ಮೆಟ್ಟಿಲ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಾರೆ. ಸಾವಿರ ಸಲ ಬಗ್ಗಿ ಸಾವಿರ ಸಲ ಏಳುವುದು ಅಂದ್ರೆ ಸುಮ್ಮನೆ ಮಾತಲ್ಲ. ನಮಗೆ ಬರೀ ಹತ್ತುವುದಷ್ಟೇ ಕೆಲಸ!

2. ಬೆಟ್ಟ ಹುಟ್ಟಿದ್ದು ಹೇಗೆ?

ಚಾಮುಂಡಿ ಬೆಟ್ಟ ಗ್ರಾನೈಟ್ ಕಲ್ಲಿನ ಬೆಟ್ಟ. ಭೂಮಿಯ ಒಳಗೆ ಕರಗಿದ್ದ ಶಿಲಾರಸ ಮೇಲಕ್ಕೆ ನುಗ್ಗಿ, ನೆಲದ ಅಡಿಯಲ್ಲೇ ನಿಧಾನವಾಗಿ ತಣ್ಣಗಾಗಿ ಗ್ರಾನೈಟ್ ಆಯಿತು. ಇದು ಆಗಿ ಸುಮಾರು 80 ಕೋಟಿ ವರ್ಷಗಳಾದವು ಎಂದು ವಿಜ್ಞಾನಿಗಳು ಹೇಳುತ್ತಾರೆ. ಸುತ್ತಮುತ್ತಲಿನ ಕಲ್ಲು ಅದಕ್ಕಿಂತ ಎಷ್ಟೋ ಹಳೆಯದು.

ಇಲ್ಲಿ ಒಂದು ಸೋಜಿಗ ಇದೆ. ಬೆಟ್ಟ ಅಂದರೆ ನೆಲದಿಂದ ಮೇಲೆ ಬೆಳೆದದ್ದು ಎಂದು ನಾವು ತಿಳಿದುಕೊಂಡಿರುತ್ತೇವೆ. ಚಾಮುಂಡಿ ಬೆಟ್ಟ ಹಾಗಲ್ಲ. ಮಳೆ, ಗಾಳಿ, ಬಿಸಿಲಿಗೆ ಸುತ್ತಲಿನ ನೆಲ ಕೋಟಿ ಕೋಟಿ ವರ್ಷ ಸವೆದು ಸವೆದು ಕೆಳಗೆ ಹೋಯಿತು. ಗ್ರಾನೈಟ್ ಗಟ್ಟಿಯಾದ್ದರಿಂದ ಅಷ್ಟು ಸವೆಯದೆ ನಿಂತುಕೊಂಡಿತು. ಸೋಪಿನ ತುಂಡಿನಲ್ಲಿ ಒಂದು ಗೋಲಿ ಸಿಕ್ಕಿಸಿ ದಿನಾ ತೊಳೆದರೆ ಸೋಪು ಕರಗಿ ಗೋಲಿ ಮೇಲೆ ಕಾಣುತ್ತದಲ್ಲ, ಹಾಗೆ.

ದಾರಿಯಲ್ಲಿ ಬಂಡೆಯನ್ನು ಹತ್ತಿರದಿಂದ ನೋಡಿ. ಮೂರು ತರದ ಕಣಗಳು ಕಾಣಬಹುದು. ಗಾಜಿನ ಹಾಗಿರುವುದು ಬೆಣಚು. ನಸುಗೆಂಪು ಅಥವಾ ಬಿಳಿಯಾಗಿರುವುದು ಫೆಲ್ಡ್‌ಸ್ಪಾರ್. ಕಪ್ಪಗೆ ಮಿಣಮಿಣ ಹೊಳೆಯುವುದು ಅಭ್ರಕ, ಅಂದರೆ ನಾವು ಕಾಗೆ ಬಂಗಾರ ಅಂತೀವಲ್ಲ ಅದರ ಜಾತಿ. ಕಣಗಳು ಕಣ್ಣಿಗೆ ಕಾಣುವಷ್ಟು ದೊಡ್ಡವಾಗಿರುವುದಕ್ಕೆ ಕಾರಣ ಶಿಲಾರಸ ಬಹಳ ನಿಧಾನವಾಗಿ ತಣಿದದ್ದು.

3. ನಂದಿ

ಅರ್ಧಕ್ಕಿಂತ ಮೇಲೆ ಹತ್ತಿದ ಮೇಲೆ ದೊಡ್ಡ ನಂದಿ ಸಿಗುತ್ತಾನೆ. ಇವನನ್ನು ಕಡೆಸಿದವರೂ ದೊಡ್ಡದೇವರಾಜ ಒಡೆಯರೇ. ಎತ್ತರ 15-16 ಅಡಿ, ಉದ್ದ 24-25 ಅಡಿ. ಮುಖ್ಯ ವಿಷಯ ಏನೆಂದರೆ ಇದು ಬೇರೆ ಕಡೆಯಿಂದ ತಂದು ನಿಲ್ಲಿಸಿದ ವಿಗ್ರಹ ಅಲ್ಲ. ಅಲ್ಲೇ ಇದ್ದ ಒಂದೇ ಬಂಡೆಯನ್ನು ಕಡೆದು ಮಾಡಿದ್ದು. ಕತ್ತಿನ ಗಂಟೆಯ ಸರಗಳನ್ನು ಹತ್ತಿರ ನಿಂತು ನೋಡಬೇಕು. ಒಂದು ಕಡೆ ಉಳಿ ಜಾಸ್ತಿ ಬಿದ್ದಿದ್ದರೆ ಬೇರೆ ಬಂಡೆ ತರುವ ಹಾಗೆ ಇರಲಿಲ್ಲ. ಹಳೇ ಕಾಲದ ಶಿಲ್ಪಿಗಳ ತಾಳ್ಮೆ ಅಂಥದು.

ನಂದಿ ಎಷ್ಟನೇ ಮೆಟ್ಟಿಲಿನಲ್ಲಿದೆ? 700 ಅನ್ನುವವರೂ ಇದ್ದಾರೆ, 800 ಅನ್ನುವವರೂ ಇದ್ದಾರೆ. ನಾವೇ ಎಣಿಸೋಣ. ಪ್ರತಿ ಜೋಡಿಯೂ ಬೇರೆ ಬೇರೆ ಎಣಿಸಿ ಚೀಟಿಯಲ್ಲಿ ಬರೆದುಕೊಳ್ಳಬೇಕು. ಶಾಲೆಗೆ ಬಂದ ಮೇಲೆ 14 ಜೋಡಿಗಳ ಸಂಖ್ಯೆಗಳ ಸರಾಸರಿ ತೆಗೆಯೋಣ. ಒಬ್ಬರದು ಇನ್ನೊಬ್ಬರಿಗೆ ಹೊಂದದೆ ಇದ್ದರೆ ಅದೇ ಒಂದು ಪಾಠ.

4. ಯಾರು ಮುಂದೆ, ಯಾರು ಹಿಂದೆ? (ಲೆಕ್ಕ)

ಈಗ ಮುಖ್ಯ ವಿಷಯಕ್ಕೆ ಬರೋಣ. ಸಾಮಾನ್ಯವಾಗಿ ಬೆಟ್ಟಕ್ಕೆ ಹೋದಾಗ ಏನಾಗುತ್ತೆ? ಚುರುಕಾಗಿರುವವರು ಓಡಿ ಮುಂದೆ ಹೋಗಿ ಕಟ್ಟೆ ಮೇಲೆ ಕೂತು ಕಡಲೇಕಾಯಿ ತಿಂತಾರೆ. ಹಿಂದಿನವರು ಏದುಸಿರು ಬಿಟ್ಟುಕೊಂಡು ಬಂದು ಮುಟ್ಟುವ ಹೊತ್ತಿಗೆ ಮುಂದಿನವರು "ಬಂದ್ರಾ? ಸರಿ, ನಡೀರಿ ಹೋಗೋಣ" ಅಂತ ಎದ್ದುಬಿಡುತ್ತಾರೆ.

ಇದನ್ನು ಲೆಕ್ಕ ಮಾಡೋಣ. ಒಟ್ಟು 1000 ಮೆಟ್ಟಿಲು. 200 ಮೆಟ್ಟಿಲಿಗೊಂದು ನಿಲುಗಡೆ. ಅಂದರೆ 5 ಭಾಗ, ನಡುವೆ 4 ನಿಲುಗಡೆ.

ಚುರುಕಾದವನು ನಿಮಿಷಕ್ಕೆ 40 ಮೆಟ್ಟಿಲು ಹತ್ತುತ್ತಾನೆ ಅಂದುಕೊಳ್ಳಿ. ಅವನಿಗೆ 200 ಮೆಟ್ಟಿಲಿಗೆ 5 ನಿಮಿಷ. ನಿಧಾನವಾಗಿ ಹತ್ತುವವಳು ನಿಮಿಷಕ್ಕೆ 25 ಮೆಟ್ಟಿಲು. ಅವಳಿಗೆ 200 ಮೆಟ್ಟಿಲಿಗೆ 8 ನಿಮಿಷ. ಒಂದೊಂದು ನಿಲುಗಡೆಯಲ್ಲೂ ಅವನು 3 ನಿಮಿಷ ಮೊದಲೇ ಬಂದು ಕೂರುತ್ತಾನೆ. ಅವಳು ಬಂದ ತಕ್ಷಣ ಎಲ್ಲರೂ ಹೊರಡುತ್ತಾರೆ.

ಹಾಗಾದರೆ 4 ನಿಲುಗಡೆಯಲ್ಲಿ ಅವನಿಗೆ ಸಿಕ್ಕ ವಿಶ್ರಾಂತಿ 4 × 3 = 12 ನಿಮಿಷ. ಅವಳಿಗೆ ಸಿಕ್ಕಿದ್ದು 4 × 0 = 0 ನಿಮಿಷ. ಯಾರಿಗೆ ವಿಶ್ರಾಂತಿ ಬೇಡವೋ ಅವರಿಗೆ ಪೂರ್ತಿ ಸಿಕ್ಕಿತು. ಯಾರಿಗೆ ಬೇಕೋ ಅವರಿಗೆ ಸೊನ್ನೆ! ಅವಳು 40 ನಿಮಿಷ ಒಂದೇ ಸಮ ಹತ್ತಿದ ಹಾಗಾಯಿತು. ಆಮೇಲೆ ನಾವು "ಅವಳಿಗೆ ಆಗಲ್ಲ" ಅಂತೀವಿ. ಅಷ್ಟು ದೂರ ಒಂದು ಸಲವೂ ಕೂರದೆ ಹತ್ತಿದವಳು ಅವಳೊಬ್ಬಳೇ ಎಂದು ಯಾರಿಗೂ ಹೊಳೆಯುವುದಿಲ್ಲ.

ಈಗ ನಿಯಮ ಬದಲಾಯಿಸೋಣ. ನಿಧಾನ ಇರುವವರು ಎಲ್ಲರಿಗಿಂತ ಮುಂದೆ. ವಿಶ್ರಾಂತಿಯ ಹೊತ್ತು ಎಣಿಸಲು ಶುರು ಮಾಡುವುದು ಕೊನೆಯ ಜೋಡಿ ಬಂದು ಕೂತ ಮೇಲೆ. ಆಗ ಹತ್ತುವುದಕ್ಕೆ 5 × 8 = 40 ನಿಮಿಷ, ವಿಶ್ರಾಂತಿಗೆ 4 × 3 = 12 ನಿಮಿಷ. ಒಟ್ಟು 52 ನಿಮಿಷ.

ಮೊದಲಿನ ಕ್ರಮದಲ್ಲಿ ಇಡೀ ಗುಂಪು ಮೇಲೆ ಸೇರಿದ್ದು ಎಷ್ಟು ಹೊತ್ತಿಗೆ? 40 ನಿಮಿಷಕ್ಕೆ. ಯಾಕೆಂದರೆ ಗುಂಪು ಮುಟ್ಟಿತು ಅಂದರೆ ಕೊನೆಯವರು ಮುಟ್ಟಿದರು ಎಂದೇ ಅರ್ಥ. ವ್ಯತ್ಯಾಸ 52 – 40 = 12 ನಿಮಿಷ ಮಾತ್ರ. ನಮ್ಮ ಶಾಲೆಯ ಊಟದ ಬಿಡುವಿನ ಅರ್ಧದಷ್ಟೂ ಇಲ್ಲ. ಈ ಹನ್ನೆರಡು ನಿಮಿಷಕ್ಕೋಸ್ಕರ ಒಬ್ಬರನ್ನು ಬಸ್ಸಿನಲ್ಲಿ ಕೂರಿಸಿ ಹೋಗಬೇಕೇ? ನೀವೇ ಯೋಚಿಸಿ.

ನಿಧಾನ ಇರುವವರನ್ನು ಮುಂದೆ ಬಿಡುವುದರಿಂದ ಇನ್ನೊಂದು ಲಾಭ ಇದೆ. ಸಾಲು ಹರಿಯುವುದಿಲ್ಲ. ಜೋಡಿಯಿಂದ ಜೋಡಿಗೆ 3 ಮೆಟ್ಟಿಲು ಅಂತರ ಇದ್ದರೆ 14 ಜೋಡಿಗಳಿಗೆ 13 ಅಂತರ. 13 × 3 = 39 ಮೆಟ್ಟಿಲು. ಹಿಂದಿನ ಮೇಷ್ಟ್ರು ಕೂಗಿದರೆ ಮುಂದಿನ ಟೀಚರ್‌ಗೆ ಕೇಳುತ್ತದೆ.

5. ಜೋಡಿ ನಿಯಮ

ಹಬ್ಬದ ಸಂತೆಯಲ್ಲಿ ಚಿಕ್ಕ ಮಕ್ಕಳು ಕೈ ಹಿಡಿದುಕೊಳ್ಳುವ ಹಾಗೆ ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ ಇರಬೇಕು.

(ಅ) ಜೊತೆಗಾರ ಕಾಣದಿದ್ದರೆ ಆ ಕ್ಷಣವೇ ಹೇಳಬೇಕು. "ಬರ್ತಾನೆ ಬಿಡು" ಅನ್ನಬಾರದು.

(ಆ) ಮುಂದೆ ಒಬ್ಬರು ದೊಡ್ಡವರು, ಹಿಂದೆ ಒಬ್ಬರು ದೊಡ್ಡವರು. ಮುಂದಿನವರನ್ನು ಯಾರೂ ದಾಟಬಾರದು. ಹಿಂದಿನವರಿಗಿಂತ ಹಿಂದೆ ಯಾರೂ ಉಳಿಯಬಾರದು.

(ಇ) ಪಾದದಲ್ಲಿ, ನಂದಿಯ ಹತ್ತಿರ, ದೇವಸ್ಥಾನದ ಮುಂದೆ, ಇಳಿದ ಮೇಲೆ, ಹೀಗೆ ನಾಲ್ಕು ಸಲ ಹಾಜರಿ.

(ಈ) ಮೆಟ್ಟಿಲಿನ ಒಂದೇ ಮಗ್ಗುಲಲ್ಲಿ ನಡೆಯಬೇಕು. ವಯಸ್ಸಾದವರು, ಹರಕೆಯವರು ಬರುತ್ತಿರುತ್ತಾರೆ. ಅವರಿಗೆ ದಾರಿ ಬಿಟ್ಟುಕೊಡಬೇಕು.

(ಉ) ಸುಸ್ತಾದರೆ ಹೇಳುವುದು ಅವಮಾನ ಅಲ್ಲ. ಹೇಳದೆ ಇರುವುದರಿಂದ ಎಲ್ಲರಿಗೂ ಕಷ್ಟ.

6. ಉಸಿರು, ನಾಡಿ ಮತ್ತು ಮುದ್ದೆ

ಹತ್ತುವಾಗ ಕಾಲಿನ ಸ್ನಾಯುಗಳಿಗೆ ಹೆಚ್ಚು ಆಮ್ಲಜನಕ ಬೇಕು. ಅದನ್ನು ಒಯ್ಯಲು ಹೃದಯ ಬೇಗ ಬೇಗ ಬಡಿಯುತ್ತದೆ, ಉಸಿರು ಜೋರಾಗುತ್ತದೆ. ನಮ್ಮ ವೇಗ ಸರಿಯಾಗಿದೆಯೇ ಎಂದು ತಿಳಿಯಲು ಸುಲಭದ ಉಪಾಯ ಮಗ್ಗಿ. ಹತ್ತುತ್ತಾ ಏಳರ ಮಗ್ಗಿಯ ಮೂರು ಸಾಲನ್ನು ತಡೆಯದೆ ಹೇಳಲು ಆದರೆ ವೇಗ ಸರಿ. ಏಳೊಂದ್ಲ ಏಳಕ್ಕೇ ಉಸಿರು ಕಟ್ಟಿದರೆ ವೇಗ ಜಾಸ್ತಿ ಆಯಿತು, ನಿಲ್ಲಬೇಕು.

ನಾಡಿಯನ್ನೂ ಎಣಿಸಬಹುದು. ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡಕ್ಕೆ ಎರಡು ಬೆರಳು ಇಟ್ಟು 15 ಸೆಕೆಂಡು ಎಣಿಸಿ 4ರಿಂದ ಗುಣಿಸಿ. ಪಾದದಲ್ಲಿ ಒಂದು ಸಲ, ನಂದಿಯ ಹತ್ತಿರ ಬಂದ ತಕ್ಷಣ ಒಂದು ಸಲ, 3 ನಿಮಿಷ ಕೂತ ಮೇಲೆ ಒಂದು ಸಲ ಬರೆದುಕೊಳ್ಳಿ. ಮೂರು ನಿಮಿಷದಲ್ಲಿ ಅದು ಎಷ್ಟು ಇಳಿಯುತ್ತದೆ ನೋಡಿದರೆ ವಿಶ್ರಾಂತಿ ಯಾಕೆ ಬೇಕು ಎಂದು ನಿಮಗೇ ಗೊತ್ತಾಗುತ್ತದೆ.

ಉಬ್ಬಸದಲ್ಲಿ ಏನಾಗುತ್ತದೆ? ಶ್ವಾಸನಾಳದ ಕವಲುಗಳು ಕಿರಿದಾಗಿ ಗಾಳಿ ಹೋಗಿ ಬರುವುದು ಕಷ್ಟ ಆಗುತ್ತದೆ. ಧೂಳು, ಹೊಗೆ, ತಣ್ಣನೆ ಗಾಳಿ, ಒಮ್ಮೆಲೇ ಓಡುವುದು ಇವುಗಳಿಂದ ಜಾಸ್ತಿಯಾಗಬಹುದು. ಇದು ಅಂಟುರೋಗ ಅಲ್ಲ. ಡಾಕ್ಟ್ರು ಕೊಟ್ಟ ಪಂಪು ಅವಳ ಜೇಬಿನಲ್ಲೇ ಇರಬೇಕು, ಚೀಲದಲ್ಲಿ ಹಾಕಿ ಬೇರೆಯವರ ಕೈಗೆ ಕೊಡಬಾರದು. ಅವಳ ಜೊತೆಗಾರ್ತಿಗೂ ಮೇಷ್ಟ್ರಿಗೂ ಅದು ಎಲ್ಲಿದೆ ಎಂದು ಗೊತ್ತಿರಬೇಕು. ಉಸಿರು ಹಿಡಿದರೆ ನೆಟ್ಟಗೆ ಕೂರಿಸಬೇಕು. ಸುತ್ತ ಗುಂಪು ಕಟ್ಟಿ ಗಾಳಿ ತಡೆಯಬಾರದು. ನಂದಿಯ ಹತ್ತಿರ ಟಾರು ರಸ್ತೆ ಬರುತ್ತದೆ. ಆ ದಿನ ವಾಹನ ಅಲ್ಲಿಗೆ ಬರುತ್ತದೆಯೇ ಎಂದು ದೊಡ್ಡವರು ಮೊದಲೇ ವಿಚಾರಿಸಿಕೊಂಡಿರಬೇಕು. ಅಲ್ಲಿಂದ ಹಿಂದಕ್ಕೆ ಹೋಗುವುದೂ ಸೋಲಲ್ಲ.

ಇನ್ನು ಶಕ್ತಿಯ ಲೆಕ್ಕ. ಇದನ್ನು ವಿಜ್ಞಾನದ ಮೇಷ್ಟ್ರು ಮಾಡಿಸಿದರು. 40 ಕಿಲೋ ತೂಕದ ಮಗು 250 ಮೀಟರ್ ಮೇಲೆ ಹೋಗಲು ಬೇಕಾದ ಶಕ್ತಿ 40 × 10 × 250 = 1,00,000 ಜೂಲ್. 4200 ಜೂಲ್ ಅಂದರೆ ಒಂದು ಕಿಲೋಕ್ಯಾಲೊರಿ. ಹಾಗಾಗಿ ಇದು ಸುಮಾರು 24 ಕಿಲೋಕ್ಯಾಲೊರಿ. ಆದರೆ ನಮ್ಮ ದೇಹ ಉಪಯೋಗಿಸುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಮಾತ್ರ ಕೆಲಸಕ್ಕೆ ಬರುತ್ತದೆ, ಉಳಿದದ್ದು ಶಾಖವಾಗಿ ಹೋಗುತ್ತದೆ. ಅದಕ್ಕೇ ಬೆವರುತ್ತೇವೆ. ಆದ್ದರಿಂದ ಬೇಕಾಗುವುದು ಸುಮಾರು 100 ಕಿಲೋಕ್ಯಾಲೊರಿ. 100 ಗ್ರಾಂ ರಾಗಿಯಲ್ಲಿ 320 ಕಿಲೋಕ್ಯಾಲೊರಿಯ ಆಸುಪಾಸು ಇರುತ್ತದೆ. ಅಂದರೆ 100 ಗ್ರಾಂ ಹಿಟ್ಟಿನ ಒಂದು ಮುದ್ದೆಯ ಮೂರನೇ ಒಂದು ಭಾಗದಲ್ಲಿ ಚಾಮುಂಡಿ ಬೆಟ್ಟ ಹತ್ತಬಹುದು! ಅದಕ್ಕೆ ಬೆಳಿಗ್ಗೆ ಏನೂ ತಿನ್ನದೆ ಬರಬೇಡಿ. ಹೊಟ್ಟೆ ಬಿರಿಯುವಂತೆಯೂ ತಿನ್ನಬೇಡಿ.

7. ಬೆಟ್ಟಕ್ಕೂ ನಾವು ಭಾರವಾಗಬಹುದು

2021ರ ಅಕ್ಟೋಬರ್, ನವೆಂಬರಿನಲ್ಲಿ ಬಿದ್ದ ಭಾರಿ ಮಳೆಗೆ ನಂದಿಯ ಕಡೆಯ ರಸ್ತೆಯ ಅಂಚು ಕುಸಿಯಿತು. ಗಟ್ಟಿ ಗ್ರಾನೈಟಿನ ಬೆಟ್ಟ ಯಾಕೆ ಕುಸಿಯಬೇಕು? ಕುಸಿದದ್ದು ಬಂಡೆ ಅಲ್ಲ, ಬಂಡೆಯ ಮೇಲೆ ಹೊದಿಕೆಯ ಹಾಗಿರುವ ಮಣ್ಣು. ಮಳೆ ನೀರು ಇಂಗಿ ಮಣ್ಣು ನೆನೆದಾಗ ಅದರ ತೂಕ ಹೆಚ್ಚುತ್ತದೆ, ಹಿಡಿತ ಕಮ್ಮಿಯಾಗುತ್ತದೆ. ನೀರು ಹರಿದು ಹೋಗಲು ಸರಿಯಾದ ದಾರಿ ಇಲ್ಲದಿದ್ದರೆ ಇಳಿಜಾರಿನ ಮಣ್ಣು ಜಾರುತ್ತದೆ. ಗಿಡ ಮರದ ಬೇರು ಮಣ್ಣನ್ನು ಹಿಡಿದುಕೊಳ್ಳುತ್ತದೆ.

ಮಾಡಿ ನೋಡಿ: ಎರಡು ಹಳೇ ತಟ್ಟೆಯಲ್ಲಿ ಮಣ್ಣು ತುಂಬಿ. ಒಂದರಲ್ಲಿ ರಾಗಿ ಚೆಲ್ಲಿ ಹತ್ತು ಹದಿನೈದು ದಿನ ನೀರು ಹಾಕಿ ಪೈರು ಬರಿಸಿ. ಇನ್ನೊಂದನ್ನು ಬರಿದೇ ಬಿಡಿ. ಎರಡನ್ನೂ ಇಟ್ಟಿಗೆಗೆ ಒರಗಿಸಿ ಇಳಿಜಾರಾಗಿ ಇಟ್ಟು, ತೂತು ಮಾಡಿದ ಡಬ್ಬದಿಂದ ಮಳೆಯ ಹಾಗೆ ನೀರು ಸುರಿಯಿರಿ. ಯಾವ ತಟ್ಟೆಯಿಂದ ಕೆಂಪು ನೀರು ಜಾಸ್ತಿ ಹರಿಯುತ್ತದೆ ನೋಡಿ ಬರೆಯಿರಿ.

ಆದ್ದರಿಂದ ಮೆಟ್ಟಿಲು ಬಿಟ್ಟು ಅಡ್ಡದಾರಿ ಹಿಡಿಯಬಾರದು. ಒಬ್ಬರು ತುಳಿದರೆ ಹುಲ್ಲು ಮತ್ತೆ ಏಳುತ್ತದೆ. ನೂರಾರು ಜನ ತುಳಿದರೆ ಅದು ಮಳೆಗಾಲದಲ್ಲಿ ಕಾಲುವೆಯಾಗುತ್ತದೆ. ಬೆಟ್ಟದ ಕಾಡು ಮೀಸಲು ಅರಣ್ಯ. ಅಲ್ಲಿ ಚಿರತೆ, ನವಿಲು, ಹಾವು ಎಲ್ಲ ಇವೆ. ಅದಕ್ಕೇ ಬೆಳಕು ಹರಿದ ಮೇಲೆ ಹತ್ತಿ, ಬಿಸಿಲು ಏರುವ ಮುಂಚೆ ಇಳಿಯುವುದು. ಕೋತಿಗಳಿಗೆ ತಿಂಡಿ ಕೊಡಬಾರದು. ಕೊಟ್ಟರೆ ಅವು ಕಾಡಿನ ಹಣ್ಣು ಬಿಟ್ಟು ಚೀಲ ಕಿತ್ತುಕೊಳ್ಳುವುದನ್ನು ಕಲಿಯುತ್ತವೆ. ಬೇಸಿಗೆಯಲ್ಲಿ ಒಣ ಹುಲ್ಲಿಗೆ ಒಂದು ಕಿಡಿ ಸಾಕು, ಬೆಂಕಿಕಡ್ಡಿ ಯಾರೂ ತರಬಾರದು. ತಿಂದ ಪೊಟ್ಟಣ ನಮ್ಮ ಜೇಬಿನಲ್ಲೇ ವಾಪಸ್ಸು ಬರಬೇಕು.

ಎಲ್ಲ ಬೆಟ್ಟಕ್ಕೂ ಹೀಗೆ ನಡೆದು ಹೋಗುವ ಹಾಗಿಲ್ಲ ಎಂಬುದೂ ನೆನಪಿರಲಿ. ಶ್ರೀರಂಗಪಟ್ಟಣದ ಹತ್ತಿರದ ಕರೀಘಟ್ಟಕ್ಕೆ ಮೆಟ್ಟಿಲು ಹತ್ತಿ ಹೋಗಬಹುದು. ಗುಂಡ್ಲುಪೇಟೆ ತಾಲ್ಲೂಕಿನ ಗೋಪಾಲಸ್ವಾಮಿ ಬೆಟ್ಟ ಬಂಡೀಪುರ ಕಾಡಿನೊಳಗಿದೆ. ಆನೆ, ಹುಲಿ ಇರುವ ಜಾಗವಾದ್ದರಿಂದ ಅಲ್ಲಿ ಸರ್ಕಾರಿ ಬಸ್ಸಿನಲ್ಲೇ ಹೋಗಬೇಕು. ಬಿಳಿಗಿರಿರಂಗನ ಬೆಟ್ಟವೂ 2011ರಿಂದ ಹುಲಿ ಸಂರಕ್ಷಿತ ಪ್ರದೇಶ.

8. ಮೇಲಿಂದ ಏನೇನು ಕಾಣುತ್ತದೆ?

ಹತ್ತುವಾಗ ನಿಂತು ಹಿಂದೆ ತಿರುಗಿ ನೋಡಬೇಕು. ಬೆಟ್ಟ ಆಗ್ನೇಯದಲ್ಲಿರುವುದರಿಂದ ನಗರ ನಮಗೆ ವಾಯವ್ಯಕ್ಕೆ ಕಾಣುತ್ತದೆ. ಬೆಟ್ಟದ ಬುಡದ ಕಡೆ ಬೆಳ್ಳಗೆ ಕಾಣುವುದು 1921ರಲ್ಲಿ ಕಟ್ಟಲು ಶುರು ಮಾಡಿದ ಲಲಿತಮಹಲ್. ನೀರು ಹೊಳೆಯುವುದು ಕಾರಂಜಿ ಕೆರೆ, ಅದರ ಪಕ್ಕದ ಮರಗಳ ಗುಂಪು 1892ರಲ್ಲಿ ಶುರುವಾದ ಮೃಗಾಲಯ. ನಗರದ ನಡುವೆ ಅರಮನೆ. ಹಳೇ ಮರದ ಅರಮನೆ 1897ರಲ್ಲಿ ಬೆಂಕಿಗೆ ಸುಟ್ಟುಹೋಗಿ, ಈಗಿನದು 1912ರಲ್ಲಿ ಮುಗಿಯಿತು. ಅದರಾಚೆ ಕುಕ್ಕರಹಳ್ಳಿ ಕೆರೆ. ಕುವೆಂಪು ಅವರು ದಿನಾ ವಾಯುವಿಹಾರಕ್ಕೆ ಹೋಗುತ್ತಿದ್ದದ್ದು ಅಲ್ಲಿಗೇ. ಆಕಾಶ ತಿಳಿಯಾಗಿದ್ದರೆ ದೂರದಲ್ಲಿ ಕನ್ನಂಬಾಡಿಯ ನೀರೂ ಗೆರೆಯ ಹಾಗೆ ಕಾಣಬಹುದು.

ನಮ್ಮ ಊರು ಯಾವ ಕಡೆ ಇದೆ ಎಂದು ಮೊದಲು ಕಂಡುಹಿಡಿದವರಿಗೆ ಟೀಚರ್ ಒಂದು ಪೆನ್ಸಿಲ್ ಕೊಡುತ್ತಾರಂತೆ.

9. ತರಬೇಕಾದ ವಸ್ತುಗಳು

ನೀರಿನ ಬಾಟಲು, ಬುತ್ತಿ, ಟೋಪಿ ಅಥವಾ ತಲೆಗೆ ವಸ್ತ್ರ, ಜಾರದ ಚಪ್ಪಲಿ ಅಥವಾ ಶೂಸು, ಚಿಕ್ಕ ನೋಟ್‌ಬುಕ್, ಪೆನ್ಸಿಲು, ಅಳತೆಪಟ್ಟಿ. ಬರಿಗಾಲಲ್ಲಿ ಹತ್ತುವ ಪದ್ಧತಿ ಇರುವವರು ಹಾಗೇ ಹತ್ತಬಹುದು, ಆದರೆ ಇಳಿಯುವ ಹೊತ್ತಿಗೆ ಕಲ್ಲು ಕಾದಿರುತ್ತದೆ, ಚಪ್ಪಲಿ ಚೀಲದಲ್ಲಿರಲಿ. ಇಳಿಯುವಾಗ ಓಡಬಾರದು. ಹತ್ತುವಾಗ ಸುಸ್ತು, ಇಳಿಯುವಾಗ ಪೆಟ್ಟು ಎಂಬುದು ನಮ್ಮಜ್ಜಿಯ ಮಾತು.

ಪ್ರಶ್ನೆಗಳು

1) ನೆಲದಿಂದ ಒಂದು ಕಿಲೋಮೀಟರ್ ಮೇಲೆ ಹೋದರೆ ಉಷ್ಣತೆ ಸುಮಾರು 6.5 ಡಿಗ್ರಿ ಕಡಿಮೆಯಾಗುತ್ತದೆ. 250 ಮೀಟರಿಗೆ ಎಷ್ಟು ಕಡಿಮೆಯಾಗುತ್ತದೆ?

2) ಹತ್ತು ಮೆಟ್ಟಿಲುಗಳ ಎತ್ತರ ಅಳೆದು ಸರಾಸರಿ ತೆಗೆಯಿರಿ. ಅದನ್ನು 1000ದಿಂದ ಗುಣಿಸಿದರೆ 250 ಮೀಟರ್ ಬರುತ್ತದೆಯೇ? ಬರದಿದ್ದರೆ ಕಾರಣ ಏನಿರಬಹುದು?

3) ನಿಲುಗಡೆಯನ್ನು 100 ಮೆಟ್ಟಿಲಿಗೊಂದು ಮಾಡಿ, ಪ್ರತಿಸಲ 2 ನಿಮಿಷ ಕೂತರೆ ನಮ್ಮ ಗುಂಪಿಗೆ ಒಟ್ಟು ಎಷ್ಟು ನಿಮಿಷ ಬೇಕು? (ನಿಮಿಷಕ್ಕೆ 25 ಮೆಟ್ಟಿಲು)

4) ಸಾಲಿನ ಮೊದಲ ಜೋಡಿ ಯಾರು ಆಗಬೇಕು?

ಮೊದಲ ಮೂರು ಪ್ರಶ್ನೆಗಳ ಉತ್ತರ ಮುಂದಿನ ಸಂಚಿಕೆಯಲ್ಲಿ. ನಾಲ್ಕನೆಯದಕ್ಕೆ ಉತ್ತರ ಈಗಾಗಲೇ ಸಿಕ್ಕಿದೆ. ಸೋಮವಾರ ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬರೆದಾಗ ಗೊಣಗಿದವರೇ ಕೈ ಎತ್ತಿ ಅವಳ ಹೆಸರು ಹೇಳಿದರು. ಅವಳ ಜೊತೆಗಾರ್ತಿಯಾಗಲು ಐದು ಜನ ಮುಂದೆ ಬಂದಿದ್ದಾರೆ, ಚೀಟಿ ಎತ್ತಬೇಕಾಗಿದೆ.

— 7ನೇ ತರಗತಿ